ಕೊಳೆರೋಗದ ಮೇಲೆ ಮೂರು ಆಟ: ಯಾವುದು ಮಕ್ಕಳಿಂದ ಬರೆಸಿತು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನವರು ಬಾಯಲ್ಲಿ ಎಲ್ಲ ಹೇಳುತ್ತಾರೆ. ಬರೆಯಲು ಕೂತರೆ ಮಾತ್ರ ಗೈಡಿನ ಸಾಲೇ ಇಳಿಯುತ್ತದೆ. ಅದಕ್ಕೆ ಈ ಸಲ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಅವರಿಂದಲೇ ಆಟ ಮಾಡಿಸಿದೆ. ಬಾಯಿಬಿಟ್ಟು ಹೇಳಿಕೊಡುವಂತಿಲ್ಲ, ಆಟದಲ್ಲಿ ಬರೆದದ್ದನ್ನು ಓದಿಯೇ ಬೇರೆ ಗುಂಪು ಆಡಬೇಕು.

ಮೊದಲು ಹಾವು-ಏಣಿ. ಎರಡೇ ಪೀರಿಯಡ್‌ನಲ್ಲಿ ಮುಗಿಯಿತು, ಗಲಾಟೆಯೂ ಜೋರು. ಹಾವಿನ ಬಾಯಲ್ಲಿ ‘ಜೋರು ಮಳೆ’, ಬಾಲದಲ್ಲಿ ‘ಕಾಯಿ ಉದುರಿತು’. ನಡುವೆ ಏನಾಯಿತು ಅಂತ ಯಾರೂ ಬರೆಯಲಿಲ್ಲ. ಬೀಳಿಸುವುದು ದಾಳ ಅಲ್ವಾ, ಕಾರಣ ಯಾಕೆ ಬೇಕು?

ಎರಡನೆಯದು ಕಂಪ್ಯೂಟರಿನಲ್ಲಿ, ಮಕ್ಕಳು ಆಟ ಕಟ್ಟಲು ಬಳಸುವ ಸ್ಕ್ರ್ಯಾಚ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ ಆಟ. ನೋಡಲು ಚಂದ. ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿರುವ ಮಕ್ಕಳು ಮುಂದೆ ನಿಂತು ಮಾಡಿದರು. ಆದರೆ ಮೂರು ವಾರದಲ್ಲಿ ಜಾಸ್ತಿ ಹೊತ್ತು ಹೋದದ್ದು ಮರ ಹತ್ತುವ ಬೊಂಬೆಗೆ. ಬರಹ ಆರು ಸಾಲು.

ನನಗೆ ಹಿಡಿಸಿದ್ದು ಚೀಟಿ ಆಟ. ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ ನಲವತ್ತು ಚೀಟಿ. ಪ್ರತಿ ಚೀಟಿಯಲ್ಲೂ ಒಂದು ಸ್ಥಿತಿ, ಎರಡು ದಾರಿ. ಯಾವುದನ್ನು ಆರಿಸಿದರೆ ಏನಾಗುತ್ತದೆ, ಯಾಕೆ ಅಂತ ಬರೆಯದಿದ್ದರೆ ಆಟ ಮುಂದೆ ಹೋಗುವುದೇ ಇಲ್ಲ.

ಒಬ್ಬ ಹುಡುಗ ಬರೆದಿದ್ದ: ‘ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಮದ್ದು ಬಿಡು.’ ಆಡುತ್ತಿದ್ದ ಹುಡುಗಿ ಅಲ್ಲೇ ನಿಲ್ಲಿಸಿದಳು. “ಟೀಚರ್, ಎಷ್ಟೆಷ್ಟು? ಯಾವುದಕ್ಕೆ ಯಾವುದನ್ನು ಹೊಯ್ಯುವುದು?” ಅವನಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಜ್ಜನನ್ನು ಕೇಳಿ, ಮರುದಿನ ಹೊಸ ಚೀಟಿ ತಂದ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು.

“ಕತ್ತಿ ಕೆಂಪಾದರೆ?” ಅಂತ ಹುಡುಗಿ ಮತ್ತೆ ಕೇಳಿದಳು. ಅದಕ್ಕೆ ಇನ್ನೊಂದು ಚೀಟಿ ಬೇಕಾಯಿತು. ಕಬ್ಬಿಣ ತಾಮ್ರವನ್ನು ಹೊರದೂಡುವ ಪಾಠ ಪುಸ್ತಕದಲ್ಲಿ ಸಿಕ್ಕಿದಾಗ ಅವನ ಮುಖ ನೋಡಬೇಕಿತ್ತು!

ಚೀಟಿ ಆಟಕ್ಕೆ ತೊಂದರೆಯೂ ಇದೆ. ನಿಧಾನ. ಓದಲು ಕಷ್ಟಪಡುವ ಮಕ್ಕಳು ಹಿಂದೆ ಬೀಳುತ್ತಾರೆ, ಅವರ ಪಕ್ಕ ನಾನೇ ಕೂರಬೇಕಾಯಿತು. ಒಂದೇ ವಾರ ಇದ್ದರೆ ಹಾವು-ಏಣಿಯನ್ನೇ ಮಾಡಿಸಿ, ಆದರೆ ಪ್ರತಿ ಹಾವಿಗೂ ‘ಯಾಕೆಂದರೆ’ ಎಂದು ಶುರುವಾಗುವ ಒಂದು ಸಾಲು ಕಡ್ಡಾಯ ಮಾಡಿ. ಒಂದು ತಿಂಗಳು ಸಿಕ್ಕಿದರೆ ಚೀಟಿ ಆಟ.

ಆ ಹುಡುಗನ ಕೊನೆಯ ಚೀಟಿ ನನ್ನ ಮೇಜಿನ ಮೇಲಿದೆ: ‘ಕತ್ತಿ ಕೆಂಪಾಯಿತು. ಯಾಕೆಂದರೆ ತಾಮ್ರ ಇನ್ನೂ ಬಿಡಿಯಾಗಿದೆ. ಹೀಗೇ ಮದ್ದು ಬಿಟ್ಟರೆ ಹಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಸ್ವಲ್ಪ ಸುಣ್ಣದ ನೀರು ಹಾಕಿ ಮತ್ತೆ ಕತ್ತಿ ಅದ್ದು.’