ಪ್ರಾಜೆಕ್ಟ್ ಯಾವುದಿರಲಿ: ಬೀಜದ ಮೊಳಕೆಯೋ, ಹವಾಮಾನದ ಪಟ್ಟಿಯೋ?

ಮೂರನೇ ತರಗತಿಗೆ ಇವೆರಡರಲ್ಲಿ ಒಂದನ್ನು ಆರಿಸಬೇಕು ಅಂತ ಕೇಳಿದ್ದೀರಿ. ಮೊದಲು ಸಮಯ ನೋಡೋಣ. ಹೆಸರುಕಾಳನ್ನು ರಾತ್ರಿ ನೆನೆಸಿ ಒದ್ದೆ ಹತ್ತಿಯ ಮೇಲಿಟ್ಟರೆ 1-2 ದಿನದಲ್ಲೇ ಮೊಳಕೆ ಕಾಣುತ್ತದೆ. ಹವಾಮಾನದ ಪಟ್ಟಿಗೆ 3-4 ವಾರವಾದರೂ ಬೇಕು. ಆದರೆ ದಿನಕ್ಕೆ ಐದು ನಿಮಿಷ ಕೊಟ್ಟರೆ ಸಾಕು.

ಖರ್ಚು ಎರಡಕ್ಕೂ ಕಡಿಮೆಯೇ.

ನನಗೆ ಮುಖ್ಯ ಅನಿಸೋದು ಮಕ್ಕಳು ಏನು ಕಲಿಯುತ್ತಾರೆ ಅನ್ನೋದು. ಮೊಳಕೆಯಾದರೆ, ಹತ್ತಿ ಮತ್ತು ಬೀಜ ಹಾಕಿದ ಒಂದು ಲೋಟ ಬೆಳಕಿನಲ್ಲಿ, ಇನ್ನೊಂದು ಕಪಾಟಿನ ಕತ್ತಲಲ್ಲಿ ಇಡಿಸಿ. ನೀರು, ಬೀಜ ಎಲ್ಲ ಒಂದೇ ಇರಲಿ. ಏನಾಗಬಹುದು ಅಂತ ಮೊದಲೇ ಬರೆಸಿ. ಕತ್ತಲಲ್ಲಿ ಬೆಳೆಯೋದೇ ಇಲ್ಲ ಅಂತ ತುಂಬಾ ಮಕ್ಕಳು ಬರೆಯುತ್ತಾರೆ. ಆದರೆ ಅಲ್ಲಿನ ಸಸಿಯೇ ಜಾಸ್ತಿ ಉದ್ದವಾಗಿ, ತೆಳ್ಳಗೆ, ಹಳದಿಯಾಗಿ ಬೆಳೆದಿರುತ್ತದೆ! ಯಾಕೆ ಅನ್ನೋ ಪ್ರಶ್ನೆ ಆಗ ಅವರಿಂದಲೇ ಬರುತ್ತದೆ. ಬೆಳಕು ಹುಡುಕಿಕೊಂಡು ಕಾಂಡ ಉದ್ದವಾಗುತ್ತದೆ, ಬೆಳಕಿಲ್ಲದೆ ಹಸಿರು ಬಣ್ಣ ಬರುವುದಿಲ್ಲ. ಹವಾಮಾನದ ಪಟ್ಟಿ ಗಣಿತಕ್ಕೆ ಒಳ್ಳೆಯದು. ಬಿಸಿಲು, ಮೋಡ, ಮಳೆಯ ದಿನಗಳನ್ನು ಎಣಿಸಿ ಕಂಬದ ನಕ್ಷೆ ಬರೆಯಬಹುದು.

ಮೊಳಕೆಯಲ್ಲಿ ಒಂದು ತೊಂದರೆ ಇದೆ. ರಜೆಯಲ್ಲಿ ಹತ್ತಿ ಒಣಗಬಹುದು, ನೀರು ಜಾಸ್ತಿಯಾದರೆ ಬೂಸ್ಟು ಹಿಡಿಯಬಹುದು. ತನ್ನ ಬೀಜ ಮಾತ್ರ ಮೊಳೆಯದಿದ್ದರೆ ಮಗುವಿಗೆ ಬೇಜಾರು, ಅಲ್ವಾ? ಅದಕ್ಕೇ ಲೋಟಕ್ಕೆ 4-5 ಬೀಜ ಹಾಕಿಸಿ, ಸೋಮವಾರ ಶುರುಮಾಡಿ.

ಎರಡು ವಾರ ಮಾತ್ರ ಇದ್ದರೆ, ವಿಜ್ಞಾನದ ಪಾಠಕ್ಕಾದರೆ ಮೊಳಕೆ. ತರಗತಿ ದೊಡ್ಡದು, ಜಾಗ ಕಡಿಮೆ, ಇಡೀ ತಿಂಗಳು ಕೈಯಲ್ಲಿದೆ ಅಂದರೆ ಪಟ್ಟಿ. ದಿನಕ್ಕೆ ಇಬ್ಬರಂತೆ ಸರದಿ ಹಾಕಿದರೆ ಮಾತಾಡದ ಮಗುವಿಗೂ ಬೋರ್ಡಿನ ಮುಂದೆ ನಿಲ್ಲುವ ಅವಕಾಶ ಸಿಗುತ್ತದೆ.