ವಿರಾಜಪೇಟೆ ಸಮೀಪದ ವೃದ್ಧಾಶ್ರಮ: ಆರೈಕೆ ಚೆನ್ನಾಗಿದೆ, ಹೊರಗಿನವರ ತಪಾಸಣೆ ಇಲ್ಲ

ವಿರಾಜಪೇಟೆ ಸಮೀಪದ ಖಾಸಗಿ ವೃದ್ಧಾಶ್ರಮವೊಂದರಲ್ಲಿ ನಮ್ಮ ದೊಡ್ಡಮ್ಮ ಕಳೆದ ಮಳೆಗಾಲದಿಂದ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ತೋಟದ ಮನೆಯಲ್ಲಿ ವಯಸ್ಸಾದವರು ಮಾತ್ರ ಉಳಿದಿರುವ ಕೊಡಗಿನ ಅನೇಕ ಕುಟುಂಬಗಳು ಇಂಥ ಜಾಗಗಳನ್ನು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆರೈಕೆಯ ಬಗ್ಗೆ ನನಗೆ ಸಮಾಧಾನವಿದೆ. ಜಡಿಮಳೆಗೆ ಕರೆಂಟ್ ಹೋದಾಗಲೂ ಹಂಡೆಗೆ ಸೌದೆ ಒಟ್ಟಿ ಸ್ನಾನಕ್ಕೆ ಬಿಸಿನೀರು ಕೊಡುತ್ತಾರೆ. ಹಲ್ಲಿಲ್ಲದವರಿಗೆ ಅಕ್ಕಿ ರೊಟ್ಟಿಯ ಬದಲು ನೂಪುಟ್ಟು (ಒತ್ತು ಶಾವಿಗೆ) ಬಡಿಸುತ್ತಾರೆ. ಸಿಬ್ಬಂದಿ ಎಲ್ಲರನ್ನೂ ಹೆಸರು ಹಿಡಿದು, ಗೌರವದಿಂದ ಮಾತನಾಡಿಸುತ್ತಾರೆ. ಆದರೆ ಹಿಂಬದಿಯ ಮೆಟ್ಟಿಲುಗಳು ಪಾಚಿಗಟ್ಟಿವೆ, ಅಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಔಷಧಿ ಪುಸ್ತಕ. ಒಬ್ಬೊಬ್ಬರಿಗೂ ಒಂದೊಂದು ಪುಟ, ಅದರಲ್ಲಿ ಮಾತ್ರೆಯ ಹೆಸರು, ಕೊಡಬೇಕಾದ ಹೊತ್ತು, ಕೊಟ್ಟವರ ಸಹಿ. ವ್ಯವಸ್ಥೆ ಅಚ್ಚುಕಟ್ಟಾಗಿಯೇ ಇದೆ. ದೊಡ್ಡಮ್ಮನ ಪುಟದಲ್ಲಿ ಮಾತ್ರ ಬಿಪಿ ಮಾತ್ರೆಯ ಎದುರು ಕೆಲವು ಸಂಜೆಗಳ ಸಹಿಯೇ ಇರಲಿಲ್ಲ. ಮಾತ್ರೆ ಕೊಟ್ಟಿದ್ದೆವು, ಸಹಿ ಹಾಕಲು ಮರೆತೆವು ಎಂದು ನರ್ಸ್ ಹೇಳಿದರು. ಅದು ನಿಜವೇ ಇರಬಹುದು. ಆದರೆ ನಾನು ಪುಟ ತೆರೆಯುವವರೆಗೆ ಆ ಖಾಲಿ ಜಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಪಾಸಣಾ ವರದಿ ಕೇಳಿದಾಗ ವ್ಯವಸ್ಥಾಪಕರು ತೋರಿಸಿದ್ದು ಆಶ್ರಮ ನಡೆಸುವ ಸಂಘದ ನೋಂದಣಿ ಪತ್ರವನ್ನು. ಸಂಘ ನೋಂದಣಿಯಾಗಿದೆ ಎಂಬುದಕ್ಕೂ ಆರೈಕೆಯನ್ನು ಯಾರಾದರೂ ಪರೀಕ್ಷಿಸಿದ್ದಾರೆ ಎಂಬುದಕ್ಕೂ ಸಂಬಂಧವಿಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಹೀಗೆ ಸಡಿಲವಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಗಳು ಕಡ್ಡಾಯವಾಗಿ ನೋಂದಣಿಯಾಗಬೇಕು. ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಸೇರಿ ಕನಿಷ್ಠ 3 ಜನರ ತಂಡ 3 ತಿಂಗಳಿಗೊಮ್ಮೆಯಾದರೂ ಭೇಟಿ ನೀಡಬೇಕು. ಹಿರಿಯ ನಾಗರಿಕರಿಗಾಗಿ ಇರುವ 2007ರ ಕೇಂದ್ರ ಕಾಯ್ದೆಯಾದರೋ ಮಕ್ಕಳಿಂದ ಜೀವನಾಂಶ ಕೊಡಿಸುವುದಕ್ಕೆ, ಜಿಲ್ಲೆಗೊಂದು ಸರ್ಕಾರಿ ವೃದ್ಧಾಶ್ರಮ ತೆರೆಯುವುದಕ್ಕೆ ಅವಕಾಶ ಕಲ್ಪಿಸಿದೆಯೇ ಹೊರತು ಖಾಸಗಿ ಆಶ್ರಮಗಳ ನೋಂದಣಿಯನ್ನು ಕಡ್ಡಾಯಗೊಳಿಸಿಲ್ಲ. ಆ ಕೊರತೆ ತುಂಬಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಸಿಗೆ ಹಿಡಿದ ಎಂಬತ್ತರ ವೃದ್ಧೆಯೂ ಮಗುವಿನಷ್ಟೇ ಅಸಹಾಯಕಳಲ್ಲವೇ? ಇದು ನನಗೆ ಬಹಳ ನೋವಿನ ಸಂಗತಿ.

ಈ ಆಶ್ರಮವನ್ನು ನಾನು ಶಿಫಾರಸು ಮಾಡುತ್ತೇನೆ. ಆದರೆ ಸೇರಿಸುವ ಮುನ್ನ ಔಷಧಿ ಪುಸ್ತಕ ತೆರೆಸಿ ನೋಡಿ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ಕೇಳಿ, ಸೇರಿಸಿದ ಮೇಲೂ ಮುಂಚಿತವಾಗಿ ತಿಳಿಸದೆ ಹೋಗಿಬನ್ನಿ. ಗಂಭೀರ ದೂರಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಹಿಂಬದಿಯ ಮೆಟ್ಟಿಲಿಗೆ ಕಂಬಿ ಹಾಕಿಸುವಂತೆ ಆಡಳಿತ ಮಂಡಳಿಗೆ ಲಿಖಿತವಾಗಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.