ಜಕ್ಕೂರಿನ ಮೈಕ್ರೋಲೈಟ್: ಹಾರಾಟಕ್ಕೆ ಪೂರ್ಣ ಅಂಕ, ಕಾಯಿಸುವುದಕ್ಕೆ ಸೊನ್ನೆ

ಸ್ಕೈಡೈವಿಂಗ್ ಎಂದರೆ 10,000 ಅಡಿಯಿಂದ ಜಿಗಿದು ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳುವುದು. ನನ್ನ ಸೊಂಟನೋವಿಗೆ ಅದು ಒಗ್ಗದು. ಹಾಗಾಗಿ ಬೆಂಗಳೂರಿನ ಜಕ್ಕೂರಿನಲ್ಲಿ ಮೈಕ್ರೋಲೈಟ್ ಎಂಬ, ಇಬ್ಬರೇ ಕೂರುವ ಹಗುರವಾದ ಪುಟ್ಟ ವಿಮಾನ ಹತ್ತಿದೆ.

ಪೈಲಟ್ ನನ್ನ ಬೆಲ್ಟನ್ನು ತಾವೇ ಎಳೆದೆಳೆದು ನೋಡಿದರು. ಜೇಬಿನ ಚಿಲ್ಲರೆ, ಪೆನ್ನು, ಕೊನೆಗೆ ಎಲೆಅಡಿಕೆ ಪೊಟ್ಟಣವನ್ನೂ ಹೊರಗೆ ತೆಗೆಸಿದರು. ಆ ಕಟ್ಟುನಿಟ್ಟು ಮೆಚ್ಚಿಗೆಯಾಯಿತು. ಮೇಲಿನಿಂದ ಬಳ್ಳಾರಿ ರಸ್ತೆಯ ವಾಹನದಟ್ಟಣೆಯೂ ಚೆಂದವೇ! ಜಕ್ಕೂರು ಕೆರೆಯ ಅಂಚು ದಾಟುವಾಗ ವಿಮಾನ ಕುಲುಕಿತು, ಜೀವ ಬಾಯಿಗೆ ಬಂತು. ಕಾದ ನೆಲದ ಬಿಸಿಗಾಳಿ ಮೇಲೇಳುವುದರಿಂದ ಹಾಗಾಗುತ್ತದಂತೆ.

ಆದರೆ ಹಾರಿಸುವ ಸಂಸ್ಥೆಯವರು ಎಂಟಕ್ಕೆ ಬರಹೇಳಿ ಹತ್ತಿಸಿದ್ದು ಹತ್ತೂವರೆಗೆ. ವಿಡಿಯೊಗೆ ಬೇರೆ ದುಡ್ಡು ಕೇಳಿದ್ದಂತೂ ಅತಿಯಾಯಿತು. ಹೋಗುವವರು ಬೆಳಗಿನ ಮೊದಲ ಸರದಿಯನ್ನೇ ಪಟ್ಟು ಹಿಡಿದು ಪಡೆಯಿರಿ, ಕುಲುಕಾಟವೂ ಕಡಿಮೆ.